ಇಟ್ಟಮಡುವಿನ ಏರಿನಲ್ಲಿ ಸದ್ದಿಲ್ಲದ ಬೈಕುಗಳು

ಜಯನಗರದ ಮೆಟ್ರೊ ಹಿಡಿಯುವ ಆತುರದಲ್ಲಿದ್ದೆ. ಇಟ್ಟಮಡುವಿನ ಏರುರಸ್ತೆಯಲ್ಲಿ ನನ್ನ ಆಟೊ ನಿಂತೇಬಿಟ್ಟಿತು. ಮುಂದೆ ನಿವೃತ್ತ ಸೈನಿಕರೊಬ್ಬರ ಶವಯಾತ್ರೆ. ಚಟ್ಟದ ಮೇಲೆ ಅವರ ಹಳೆಯ ಮಿಲಿಟರಿ ಟೋಪಿ, ಹಿಂದೆ ಮೂವತ್ತು ನಲವತ್ತು ದೊಡ್ಡ ಬೈಕುಗಳು. ಇನ್ನು ಕಿವಿ ಕಿತ್ತುಹೋಗುತ್ತದೆ ಎಂದು ಗೊಣಗಿಕೊಂಡೆ.

ಸದ್ದೇ ಇರಲಿಲ್ಲ. ಸವಾರರೆಲ್ಲ ಇಂಜಿನ್ ಆರಿಸಿ, ಆ ಭಾರದ ಬೈಕುಗಳನ್ನು ಏರಿನುದ್ದಕ್ಕೂ ತಳ್ಳಿಕೊಂಡು ನಡೆಯುತ್ತಿದ್ದರು. ಕೇಳಿಸುತ್ತಿದ್ದದ್ದು ಅವರ ಏದುಸಿರು ಮಾತ್ರ.

ಬೈಕು ತಳ್ಳುತ್ತಾ ಪಕ್ಕಕ್ಕೆ ಬಂದ ನಡುವಯಸ್ಸಿನ ಹೆಂಗಸೊಬ್ಬರನ್ನು ಕೇಳಿದೆ, “ನಿಮ್ಮ ಸಂಬಂಧಿಕರಾ ಮೇಡಂ?”

“ಇಲ್ಲ ಸಾರ್. ಮುಖ ನೋಡಿದ್ದೇ ಇವತ್ತು. ಮಿಲಿಟ್ರಿಯವರು ಯಾರೇ ತೀರ್ಕೊಂಡ್ರೂ ನಮ್ ಗ್ರೂಪಿಗೆ ಮೆಸೇಜ್ ಬರುತ್ತೆ, ಬರ್ತೀವಿ.”

“ಮತ್ತೆ ತಳ್ಳೋದ್ಯಾಕೆ?”

“ಅವ್ರನ್ನ ಹೊತ್ಕೊಂಡು ನಡೀತಿದಾರಲ್ಲ ಸಾರ್, ನಾವು ಕೂತ್ಕೊಂಡು ಹೋಗೋಕಾಗುತ್ತಾ?”

ಅದನ್ನು ಕೇಳಿಸಿಕೊಂಡ ನಮ್ಮ ಆಟೊ ಚಾಲಕ ಇಂಜಿನ್ ಆರಿಸಿ ಕೆಳಗಿಳಿದ. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ತಳ್ಳತೊಡಗಿದ.

“ನೀವು ಕೂತಿರಿ ಸಾರ್, ಲಗೇಜ್ ಇದೆ,” ಎಂದ.

ಕೂತಿರಲು ಆಗಲಿಲ್ಲ. ಚಪ್ಪಲಿ ಆಟೊದಲ್ಲೇ ಬಿಟ್ಟು ಇಳಿದು, ಹಿಂದಿನಿಂದ ಅದಕ್ಕೆ ಹೆಗಲು ಕೊಟ್ಟೆ.