ಅಂಟಿಸದ ಕವರು

ಅಂಚೆಚೀಟಿ ಸಂಗ್ರಹಿಸುವವರನ್ನು ಜನ ಹೇಗೋ ಸಹಿಸಿಕೊಳ್ಳುತ್ತಾರೆ. ಅಂಚೆಚೀಟಿಯೇ ಇಲ್ಲದ ಕಾಗದ ಸಂಗ್ರಹಿಸುತ್ತೇನೆ ಎಂದರೆ ನನ್ನ ತಲೆ ನೆಟ್ಟಗಿದೆಯೇ ಎಂದು ನೋಡುತ್ತಾರೆ. ಈ ಕೊಲ್ಲಿ ದೇಶದ ಬೌಷರಿನಲ್ಲಿರುವ ನಮ್ಮ ಮನೆಯಲ್ಲಿ ಒಂದು ಕಪಾಟು ಪೂರ್ತಿ ಹಳೆಯ ಅಮೆರಿಕದ ಕಾಗದಗಳು, ಅಲ್ಲಿ ಅಂಚೆಚೀಟಿ ಬರುವ ಮೊದಲು ಬರೆದವು. ಅವಕ್ಕೆ ಕವರು ಕೂಡ ಇಲ್ಲ; ಬರೆದ ಹಾಳೆಯನ್ನೇ ಮಡಚಿ, ಅರಗಿನಿಂದ ಮುಚ್ಚಿ, ಹೊರಬದಿಗೆ ವಿಳಾಸ ಬರೆಯುತ್ತಿದ್ದರು. ಅಂಚೆಯ ಖರ್ಚು ಹೆಚ್ಚಾಗಿ ಪಡೆಯುವವರ ತಲೆಯ ಮೇಲೆ. ಬೇಡವಾದರೆ ಬೇಡ ಎನ್ನಬಹುದಿತ್ತು. ರದ್ದಿಯವನಿಗೆ ಕೊಡುವುದನ್ನು ದುಡ್ಡು ಕೊಟ್ಟು ತರಿಸುತ್ತಾಳೆ ಎಂದು ಗಂಡ ಹಂಗಿಸುತ್ತಾರೆ. ಹಂಗಿಸಲಿ, ಅವರ ಕ್ರಿಕೆಟ್ಟನ್ನು ನಾನು ಸಹಿಸಿಲ್ಲವೇ?

ಅದರಲ್ಲಿ ಒಂದು ಕಾಗದ ಮಾತ್ರ ನನ್ನನ್ನು ಬಿಟ್ಟಿಲ್ಲ. ತಾಯಿಯೊಬ್ಬಳು ದೂರದ ಮಗನಿಗೆ ಬರೆದದ್ದು. ಪಡೆಯಲು ಒಪ್ಪಲಿಲ್ಲ ಎಂದು ಅಂಚೆಯವರು ಹೊರಗೆ ಗೀಚಿದ್ದಾರೆ. ಒಳಗೆ ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆದು, ಚಳಿಗೆ ನಿನ್ನ ಕಂಬಳಿ ಕಳಿಸಲೇ ಎಂದು ಕೇಳಿದ್ದಾಳೆ. ಮಗ ಓದದ ಆ ಪ್ರಶ್ನೆಯನ್ನು ನಾನು ಭೂತಗನ್ನಡಿ ಹಿಡಿದು ಓದಿದೆ. ಅಂದಿನಿಂದ ಆಫೀಸಿನ ಏಸಿಗೆ ಮೈ ನಡುಗಿದಾಗಲೆಲ್ಲ ಆ ಕಂಬಳಿ ನೆನಪಾಗುತ್ತದೆ. ಉತ್ತರ ಕೊಡಬೇಕಾದವಳು ನಾನೇ ಏನೋ ಎಂದು ಹೆದರಿಕೆಯಾಗುತ್ತದೆ.

ನನ್ನ ಈ ಹುಚ್ಚು ಅಲ್ ಮವಾಲೇಹ್‌ನ ಕಾಕನಿಗೂ ಗೊತ್ತಿತ್ತು. ತರಕಾರಿ ಮಾರ್ಕೆಟ್ಟಿನ ಹತ್ತಿರ ದಿನಸಿ ಅಂಗಡಿ ಇಟ್ಟಿದ್ದ, ನಮ್ಮ ಕರಾವಳಿಯ ವಯಸ್ಸಾದ ಬ್ಯಾರಿ ಮುಸಲ್ಮಾನರು ಅವರು. ಫೋನು ಅಗ್ಗವಾಗುವ ಮೊದಲು ಅವರ ಅಂಗಡಿಯೇ ನಮ್ಮ ಕಡೆಯವರ ಅಂಚೆಕಚೇರಿ. ರಜೆಗೆ ಊರಿಗೆ ಹೋದವರು ಬರುವಾಗ ಹಪ್ಪಳ, ಉಪ್ಪಿನಕಾಯಿಯ ಜೊತೆ ನಾಲ್ಕಾರು ಮನೆಯ ಕಾಗದ ತಂದು ಅಲ್ಲಿ ಇಡುತ್ತಿದ್ದರು. ಅವಕ್ಕೂ ಅಂಚೆಚೀಟಿ ಇಲ್ಲ. ಕವರಿನ ಬಾಯಿ ಅಂಟಿಸುವ ಪದ್ಧತಿಯೂ ಇರಲಿಲ್ಲ. ಅಂಟಿಸಿದರೆ ತರುವವನ ಮೇಲೆ ನಂಬಿಕೆ ಇಲ್ಲ ಎಂದಂತೆ. ತೆರೆದೇ ಕೊಡುವುದು, ಓದದೆ ತರುವುದು, ಅದು ಮರ್ಯಾದೆ.

ಹೋದ ವರ್ಷ ಕಾಕ ಅಂಗಡಿ ಮುಚ್ಚಿ ಊರಿಗೆ ಹೊರಟರು. ಕಂಡು ಬರಲು ಹೋದಾಗ ಬಿಸ್ಕತ್ತಿನ ಡಬ್ಬದಿಂದ ಹಳದಿಗಟ್ಟಿದ ಒಂದು ಕವರು ತೆಗೆದು ನನ್ನ ಮುಂದೆ ಇಟ್ಟರು. ಇದೇ ದೇಶದ ನಿಜ್ವಾದಲ್ಲಿ ಟೈಲರ್ ಆಗಿದ್ದ ಅವರ ಊರಿನ ಹುಡುಗನಿಗೆ ಹೆಂಡತಿ ಎಷ್ಟೋ ವರ್ಷಗಳ ಹಿಂದೆ ಕಳಿಸಿದ್ದು. ಕಾಗದ ಅಂಗಡಿಗೆ ಬಂದ ವಾರವೇ ಅವನು ರಸ್ತೆ ಅಪಘಾತದಲ್ಲಿ ತೀರಿಹೋದ. ಮಣ್ಣು ಮಾಡಿದ್ದೂ ನಿಜ್ವಾದಲ್ಲೇ. ಆ ದುಃಖದ ನಡುವೆ ಹಿಂದಿರುಗಿಸುವ ಧೈರ್ಯ ಕಾಕನಿಗೆ ಬರಲಿಲ್ಲ, ಹರಿದು ಹಾಕಲೂ ಮನಸ್ಸಾಗಲಿಲ್ಲ. ಕವರಿನ ಬಾಯಿ ಇನ್ನೂ ತೆರೆದೇ ಇತ್ತು.

"ಇದು ಅಮಾನತ್ ಅಕ್ಕಾ," ಎಂದರು. "ಅವನಿಗೆ ಕೊಡ್ಲಿಕ್ಕೆ ಅಂತ ನಂಬಿ ಕೊಟ್ಟದ್ದು. ಇದನ್ನು ಇಟ್ಕೊಂಡು ನಾನು ಅಲ್ಲಾಹನ ಮುಂದೆ ಹೇಗೆ ಹೋಗುದು?"

ಹೊರಡುವ ಮೊದಲು ಅವರಿಗೆ ಆ ಭಾರ ಇಳಿಯಬೇಕಿತ್ತು. ಆಕೆಯ ನಂಬರ್ ಹುಡುಕಿಸಿಯಾಗಿದೆ, ಆದರೆ ಮಾತಾಡಲು ಬಾಯಿ ಬರುವುದಿಲ್ಲ, ಹೆಂಗಸು ಹೆಂಗಸಿನ ಹತ್ತಿರ ಹೇಳಿದರೆ ಸರಿ ಎಂದರು. ಶುಕ್ರವಾರ ಬಂದು ಫೋನ್ ಮಾಡುತ್ತೇನೆಂದು ಕವರನ್ನು ಮನೆಗೆ ತಂದು ಅಮೆರಿಕದ ಕಾಗದಗಳ ಪಕ್ಕದಲ್ಲಿಟ್ಟೆ.

ಸತ್ತವರಿಗೆ ಎಲೆ ಹಾಕಿ ಅಗೆಲು ಬಡಿಸುವ ತುಳುವರ ಮನೆಯಲ್ಲಿ ಹುಟ್ಟಿದವಳು ನಾನು. ಸತ್ತವರು ಊಟಕ್ಕೆ ಬರುತ್ತಾರೆ ಎಂದು ಗೊತ್ತಿತ್ತು. ಓದಲೂ ಬರುತ್ತಾರೆ ಎಂದು ಗೊತ್ತಿರಲಿಲ್ಲ. ಆ ಕೋಣೆಗೆ ಕಾಲಿಟ್ಟರೆ ಯಾರೋ ಆಗಲೇ ಕೂತು ಕಾಯುತ್ತಿರುವಂತೆ ಅನಿಸುತ್ತಿತ್ತು. ಇಸ್ತ್ರಿ ಮಾಡುವಾಗ ಬೆನ್ನ ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳಿ ತಿರುಗಿದೆ. ಪಕ್ಕದ ಮನೆಯವರ ವಾಷಿಂಗ್ ಮೆಷಿನ್. ನಗಲು ನೋಡಿದೆ, ಆಗಲಿಲ್ಲ. ಯಾರದೋ ಮನೆಯ ಮಾತನ್ನೆಲ್ಲ ನಾಚಿಕೆಯಿಲ್ಲದೆ ಓದಿದ ನನಗೆ ಈ ಕಾಗದ ಹೊರಗೆಳೆಯಲು ಎರಡು ಬೆರಳು ಸಾಕಿತ್ತು. ದಿನಾ ಕವರನ್ನು ಕೈಗೆತ್ತಿಕೊಳ್ಳುತ್ತಿದ್ದೆ, ಮತ್ತೆ ಅಲ್ಲೇ ಇಡುತ್ತಿದ್ದೆ.

ಶುಕ್ರವಾರ ನಮಾಜ್ ಮುಗಿದ ಮೇಲೆ ಅಂಗಡಿಯಿಂದಲೇ ಫೋನ್ ಮಾಡಿ, ಕಾಕನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. ಕವರು ನನ್ನ ಬ್ಯಾಗಿನಲ್ಲಿತ್ತು. ಕಾಕ ಖಾಲಿಯಾದ ಕಪಾಟಿಗೆ ಒರಗಿ ನಿಂತಿದ್ದರು. ನಾನು ಯಾರೆಂದು ಹೇಳಿ, ಕಾಗದ ನಿಮ್ಮ ಗಂಡನ ಕೈಗೆ ತಲುಪಲೇ ಇಲ್ಲ, ಯಾರೂ ಓದಿಲ್ಲ, ಕಾಕ ಊರಿಗೆ ಬರುವಾಗ ತಂದುಕೊಡುತ್ತಾರೆ ಎಂದೆ. ಆ ಕಡೆ ಅವರು ಕುಕ್ಕರಿನ ಒಲೆ ಆರಿಸಿದ ಸದ್ದು ಕೇಳಿತು.

"ವಾಪಸ್ ತರುದು ಬೇಡ," ಎಂದರು ಆಕೆ. "ನಾನು ಅವರಿಗೆ ಬರೆದದ್ದು. ವಾಪಸ್ ಬಂದ್ರೆ ಅವರು ತಗೊಳ್ಳಲಿಲ್ಲ ಅಂತ ಆಗ್ತದಲ್ಲ. ಅವರಿರುವ ದೇಶದಲ್ಲೇ ಇರ್ಲಿ."

ಕಾಕ ಟವೆಲಿನಿಂದ ಮುಖ ಒರೆಸಿಕೊಂಡರು. ಕೊಟ್ಟವರೇ ಹೀಗೆ ಹೇಳಿದ ಮೇಲೆ ಅವರ ಹೊಣೆ ಮುಗಿಯಿತು. ಖಲಾಸ್ ಎಂದು ಮೆಲ್ಲಗೆ ಹೇಳಿ, ನೀವೇ ಇಟ್ಟುಕೊಳ್ಳಿ ಎಂದು ನನ್ನ ಬ್ಯಾಗನ್ನು ತೋರಿಸಿದರು. ಮುಂದಿನ ವಾರ ವಿಮಾನ ಹತ್ತಿದರು.

ಅದನ್ನು ಮತ್ತೆ ಅಮೆರಿಕದ ಕಪಾಟಿನಲ್ಲಿಡಲು ನನಗೆ ಮನಸ್ಸಾಗಲಿಲ್ಲ. ಅಲ್ಲಿರುವವಳು ಮಗನಿಗೆ ಬೇಡವಾದ ತಾಯಿ. ಇದನ್ನು ಯಾರೂ ಬೇಡ ಎಂದಿಲ್ಲ. ಕವರಿನ ಬಾಯಿಗೆ ಗೋಂದು ಹಚ್ಚಿ ಅಂಟಿಸಿದೆ. ಪದ್ಧತಿಗೆ ವಿರುದ್ಧವೇ, ಆದರೆ ನನ್ನ ಬೆರಳುಗಳನ್ನು ನಾನೇ ನಂಬಲಾರೆ. ಈಗ ಅದು ಸೀರೆಗಳ ಕೆಳಗಿದೆ. ಕೋಣೆಯಲ್ಲಿ ಕಾಯುವವನೂ ಹೋಗಿಲ್ಲ. ನನಗೆ ಅಭ್ಯಾಸವಾಗಿದೆ, ಅಷ್ಟೇ.

ಬರುವ ವರ್ಷ ಗಂಡನ ಕೆಲಸ ಮುಗಿಯುತ್ತದೆ, ಸಾಮಾನು ಕಟ್ಟುವ ಮಾತು ಆಗಲೇ ಶುರುವಾಗಿದೆ. ಅಮೆರಿಕದ ಕಪಾಟು ನನ್ನ ಜೊತೆ ಊರಿಗೆ ಬರುತ್ತದೆ. ಈ ಒಂದು ಕವರು ಬರುವಂತಿಲ್ಲ. ಯಾರ ಕೈಗೆ ಕೊಡಲಿ ಎಂದು ಇಲ್ಲಿನ ಪರಿಚಯದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತೇನೆ. ಎಲ್ಲರೂ ಇಂದಲ್ಲ ನಾಳೆ ಹೊರಡುವವರೇ. ನಮ್ಮವರಲ್ಲಿ ಈ ದೇಶದಲ್ಲೇ ಉಳಿದವನು ನಿಜ್ವಾದ ಮಣ್ಣಿನಲ್ಲಿರುವ ಅವನೊಬ್ಬನೇ.