ಹದ ಬರಲಿ ಎಂದು ಮುಚ್ಚಿಟ್ಟ ಕೋಟಿಂಗ್

ನೆರೂಳದ ನಮ್ಮ ಹೋಟೆಲಿಗೆ ತರಕಾರಿ ತರುವ ಟೆಂಪೋದ ತಳ ತುಕ್ಕು ಹಿಡಿದಿತ್ತು. ತುಕ್ಕು ತಡೆಯುವ ಕೋಟಿಂಗನ್ನು ನಾನೇ ಬಳಿಯೋಣವೆಂದು ಡೊಂಬಿವಲಿಯ ಕೈಗಾರಿಕಾ ವಲಯ ಎಂಐಡಿಸಿಯ ಅಂಗಡಿಯೊಂದರಿಂದ ಎರಡು ಡಬ್ಬಿ ತಂದೆ, ಒಂದರಲ್ಲಿ ಬಣ್ಣದಂಥ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿಯಾಗಿಸುವ ದ್ರಾವಣ. ಎರಡನ್ನೂ ಬೆರೆಸಿ ಬಳಿಯಬೇಕು, ಅಷ್ಟೇ. ಹಳೆಯ ಪಾತ್ರೆಯಲ್ಲಿ ಕಬ್ಬಿಣದ ಸೌಟಿನಿಂದ ಗಂಟಿಲ್ಲದಂತೆ ಕಲಸಿದೆ. ದಿನಾ ದೋಸೆ ಹಿಟ್ಟು ಕಲಸುವ ಕೈ. ಕಲಸಿದ್ದನ್ನು ಮುಚ್ಚಿಡದೆ ಬಳಸಿ ಗೊತ್ತಿಲ್ಲ. ಸೌಟು ಅದರಲ್ಲೇ ಬಿಟ್ಟು, ತಟ್ಟೆ ಮುಚ್ಚಿ, ಚಾ ಕುಡಿಯಲು ಹೋದೆ.

ಬಂದು ನೋಡಿದರೆ ತಟ್ಟೆಯ ಸಂದಿನಿಂದ ಹೊಗೆ. ಕೆಳಗೆ ಒಲೆಯಿಲ್ಲ, ಬೆಂಕಿಯಿಲ್ಲ, ಪಾತ್ರೆ ಮುಟ್ಟಿದರೆ ಕೈ ಸುಟ್ಟಿತು. ಕೂಡಲೇ ಅಂಗಡಿಯವರಿಗೆ ಫೋನ್ ಮಾಡಿದೆ. ಅವರು ಧಾರವಾಡದ ಕಡೆಯವರು.

“ಕಲಸಿ ಎಷ್ಟೊತ್ತಾತ್ರಿ?”

“ಅರ್ಧ ಗಂಟೆ. ಮುಚ್ಚಿಟ್ಟಿದ್ದೆ.”

“ಮುಚ್ಚಿಟ್ರಿ? ಯಾಕ್ರೀ?”

“ಹದ ಬರಲಿ ಅಂತ ಮಾರಾಯ್ರೆ.”



“ಹೋಟೆಲ್‌ನವ್ರೇನ್ರಿ ನೀವು? ಮೊದ್ಲ ದೂರ ನಿಲ್ರಿ. ಕಲಸಿದ ಕೂಡ್ಲೆ ಬಳೀಬೇಕ್ರಿ ಅದನ್ನ. ಇಟ್ರ ತಾನ ಕಾದು ಕಲ್ಲಾಗ್ತೈತಿ.”

ಸಂಜೆ ಹೊತ್ತಿಗೆ ಸೌಟು ಅದರೊಳಗೆ ನೆಟ್ಟಗೆ ನಿಂತಿತ್ತು. ಹಿಡಿದೆತ್ತಿದರೆ ಪಾತ್ರೆಯೇ ಮೇಲೆ ಬರುತ್ತಿತ್ತು. ಟೆಂಪೋದ ತಳದಲ್ಲಿ ಈಗಲೂ ತುಕ್ಕು. ಆ ಸೌಟಿಗೆ ಮಾತ್ರ ಇನ್ನು ಜನ್ಮದಲ್ಲಿ ತುಕ್ಕು ಹಿಡಿಯಲಿಕ್ಕಿಲ್ಲ.