ಬಾಕ್ಸಿನಲ್ಲಿ ಡಿಸ್ಕ್ ಇರಲಿಲ್ಲ

ಹೊಸ ಲ್ಯಾಪ್‌ಟಾಪಿನ ಖಾಲಿ ಬಾಕ್ಸನ್ನು ಅಂಗಡಿಯ ಕೌಂಟರಿನ ಮೇಲೆ ತಲೆಕೆಳಗು ಮಾಡಿ ಎರಡು ಸಲ ಕೊಡವಿದೆ. ಏನೂ ಬೀಳಲಿಲ್ಲ. ಮೂರನೆಯ ಸಲ ಒಂದು ಪುಟ್ಟ ಬಿಳಿ ಪೊಟ್ಟಣ ಬಿತ್ತು. ತಿನ್ನಬಾರದು ಅಂತ ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು.

“ಏನ್ ಹುಡುಕ್ತಿದೀರಾ ಸರ್?” ಅಂದರು ಕೌಂಟರಿನಲ್ಲಿದ್ದ ಹೆಣ್ಣುಮಗಳು.

“ಡಿಸ್ಕ್ ಕಣಮ್ಮಾ.”

“ಯಾವ ಡಿಸ್ಕ್ ಸರ್?”

ಬಟವಾಡಿಯ ಆ ಅಂಗಡಿಯಲ್ಲಿ, ಅಷ್ಟೊಂದು ಟ್ಯೂಬ್‌ಲೈಟುಗಳ ಕೆಳಗೆ, ನನಗೆ ಒಮ್ಮೆಲೇ ವಯಸ್ಸಾಯಿತು.

ನಮ್ಮ ಕಾಲದಲ್ಲಿ (ಹೌದು, ಈ ಮಾತನ್ನು ನಾನೂ ಆಡುವ ಕಾಲ ಬಂತು) ಕಂಪ್ಯೂಟರ್ ಕೊಂಡರೆ ಜೊತೆಗೆ ಒಂದು ಹೊಳೆಯುವ ಡಿಸ್ಕ್ ಬರುತ್ತಿತ್ತು. ಆಪರೇಟಿಂಗ್ ಸಿಸ್ಟಂ ಅದರಲ್ಲಿರುತ್ತಿತ್ತು. ಅದಿಲ್ಲದಿದ್ದರೆ ಕಂಪ್ಯೂಟರ್ ಬರೀ ತಗಡಿನ ಡಬ್ಬಿ. ಮಷಿನ್ ಕೆಟ್ಟು ಮಲಗಿತೇ? ಡಿಸ್ಕ್ ಹಾಕು, ಮೊದಲಿನಿಂದ ಎಲ್ಲ ಇನ್‌ಸ್ಟಾಲ್ ಮಾಡು, ಎದ್ದು ಕೂರುತ್ತಿತ್ತು. ನಮ್ಮ ಹಳೇ ಡೆಸ್ಕ್‌ಟಾಪ್ ವೈರಸ್ ಹೊಡೆದು ನೆಲಕಚ್ಚಿದಾಗ ಕುಣಿಗಲ್ಲಿನ ನನ್ನ ಗೆಳೆಯ ಪುಟ್ಟರಾಜು ಬಂದು ಹಾಗೇ ಬದುಕಿಸಿದ್ದ. ಆಗ ಅವನು ಅಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ. ಅಂದಿನಿಂದ ನನಗೆ ಡಿಸ್ಕ್ ಅಂದರೆ ತಾಯತ ಇದ್ದ ಹಾಗೆ.

“ಈಗ ಡಿಸ್ಕ್ ಕೊಡಲ್ಲ ಸರ್. ಎಲ್ಲಾ ಒಳಗೇ ಇರುತ್ತೆ. ಏನಾದ್ರೂ ಆದ್ರೆ ಅಲ್ಲಿಂದಾನೇ ರಿಕವರಿ ಆಗುತ್ತೆ.”

ಒಳಗೇ? ಕೆಡುವುದು ಲ್ಯಾಪ್‌ಟಾಪು. ಅದರ ಮದ್ದು ಇರುವುದೂ ಅದೇ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ.

“ಮನೆ ಸ್ಪೇರ್ ಕೀನ ಮನೆಯೊಳಗೇ ಇಟ್ಟು ಬೀಗ ಹಾಕ್ಕೊಂಡ್ ಹೋಗ್ತಾರೇನಮ್ಮಾ?” ಅಂದೆ. ಹಿಂದೆ ನಿಂತಿದ್ದ ಇಬ್ಬರು ಗಿರಾಕಿಗಳು ನಕ್ಕರು. ಒಳ್ಳೇ ಮಾತಾಡಿದೆ ಅಂತ ನನಗೂ ಅನ್ನಿಸಿತು. (ಮೇಲಿರುವ ಆ ಶಿವ ಇಂಥ ಮಾತುಗಳನ್ನು ಬರೆದಿಟ್ಟುಕೊಳ್ಳುತ್ತಾನೆ.)

ಆಕೆ ತಾಳ್ಮೆಯವರು. ಬೇಕಿದ್ದರೆ ಪೆನ್‌ಡ್ರೈವಿನಲ್ಲಿ ಒಂದು ರಿಕವರಿ ಕಾಪಿ ಮಾಡಿಟ್ಟುಕೊಳ್ಳಿ, ಗೊತ್ತಾಗದಿದ್ದರೆ ಫೋನ್ ಮಾಡಿ, ಹೇಳಿಕೊಡುತ್ತೇನೆ ಅಂದರು. ಮೊದಲ ಸಲ ಆನ್ ಮಾಡಿದಾಗ ಅಪ್‌ಡೇಟ್ ಆಗಲು ಒಂದು ಗಂಟೆಯಾದರೂ ಹಿಡಿಯುತ್ತೆ ಅಂತಲೂ ಹೇಳಿದರು. ಪೆನ್‌ಡ್ರೈವಂತೆ! ಇದುವರೆಗೆ ನಾಲ್ಕು ಕಳೆದಿದ್ದೇನೆ. ಐದನೆಯದು ಪ್ಯಾಂಟಿನ ಜೇಬಿನಲ್ಲೇ ವಾಷಿಂಗ್ ಮಷಿನ್ನಿಗೆ ಹೋಗಿ ಬಂತು.

ಅಸಲಿಗೆ ಲ್ಯಾಪ್‌ಟಾಪ್ ನನ್ನದಲ್ಲ, ನನ್ನ ಹೆಂಡತಿ ಗಿರಿಜಾಳದು. ಮರಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಅವಳು ಆರಿ ವರ್ಕ್ ಕಲಿಸುತ್ತಾಳೆ. ಬ್ಲೌಸಿನ ಬಟ್ಟೆಯನ್ನು ಮರದ ಫ್ರೇಮಿಗೆ ಬಿಗಿದು, ಕೊಕ್ಕೆಯ ಸೂಜಿಯಲ್ಲಿ ಮಣಿ, ಜರಿ ಕೂರಿಸುವ ಕೆಲಸ. ಗುಬ್ಬಿ, ಕುಣಿಗಲ್ ಕಡೆಯ ಒಂಬತ್ತು ಹೆಂಗಸರು ಬಸ್ಸು ಹತ್ತಿ ಬರಕ್ಕಾಗಲ್ಲ, ಆನ್‌ಲೈನಲ್ಲಿ ಹೇಳಿಕೊಡಿ ಅಂತ ದುಂಬಾಲು ಬಿದ್ದಿದ್ದರು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ತನ್ನ ಕೈ ತೋರಿಸುವುದು, ಲ್ಯಾಪ್‌ಟಾಪಿನ ದೊಡ್ಡ ಸ್ಕ್ರೀನಿನಲ್ಲಿ ಅವರ ಕೈ ನೋಡುವುದು, ಇದು ಅವಳ ಪ್ಲಾನು. ಮೊದಲ ಕ್ಲಾಸು ಭಾನುವಾರ ಹನ್ನೊಂದಕ್ಕೆ. ಮೊದಲ ದಿನವೇ ಕೆಟ್ಟರೆ ಎರಡನೇ ದಿನ ಯಾರು ಬರುತ್ತಾರೆ? ಇಷ್ಟು ವರ್ಷ ಮನೆಯಲ್ಲೇ ಕಲಿಸಿದವಳು ಮೊದಲ ಸಲ ಮನೆಯಾಚೆ ಕಾಲಿಡುತ್ತಿದ್ದಳು. ಅದೂ ಮನೆಯಲ್ಲೇ ಕೂತು.

ಲ್ಯಾಪ್‌ಟಾಪ್ ಮನೆಗೆ ಬಂದದ್ದು ಗುರುವಾರ ಸಂಜೆ. ಡಿಸ್ಕ್ ಸಿಗುವವರೆಗೆ ಆನ್ ಮಾಡುವುದು ಬೇಡ, ಭಾನುವಾರ ಬೆಳಿಗ್ಗೆಯೇ ಕುಣಿಗಲ್ಲಿಗೆ ಹೋಗಿ ಪುಟ್ಟರಾಜು ಹತ್ತಿರ ಒಂದು ತಂದುಬಿಡುತ್ತೇನೆ ಅಂತ ಘೋಷಿಸಿದೆ. ಗಿರಿಜಾ ಹಾಲಿಗೆ ಹೆಪ್ಪು ಹಾಕುತ್ತಿದ್ದಳು.

“ಅಲ್ಲಾರೀ, ಮೊಸರು ಕೊಡೋವ್ರು ಹೆಪ್ಪು ಬೇರೆ ಡಬ್ಬೀಲಿ ಕೊಡ್ತಾರಾ? ಅದ್ರಲ್ಲೇ ಒಂದ್ ಚಮಚ ಉಳಿಸ್ಕೊಂಡ್ರೆ ನಾಳೆಗಾಯ್ತು.”

“ಪಾತ್ರೆನೇ ಬಿದ್ದೋದ್ರೆ?”

“ಪಕ್ಕದ್ಮನೇಲಿ ಕೇಳದು. ಅದಕ್ಕಂತ ಇವತ್ತು ಮೊಸರು ಉಣ್ಣದೇ ಕೂತ್ಕೋತಾರಾ?”

ಉತ್ತರ ಹೊಳೆಯದಿದ್ದಾಗ ಗಂಡಸರು ಏನು ಮಾಡುತ್ತಾರೆ? ಬೀಗ ಹಾಕುತ್ತಾರೆ. ಲ್ಯಾಪ್‌ಟಾಪನ್ನು ಬಾಕ್ಸಿನ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಯನ್ನು ಎಂದಿನಂತೆ ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದೆ.

ಈ ಅಂಕಣ ಓದುವವರಿಗೆ ನನ್ನ ಕಾಯಿಲೆ ಹೊಸದಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಕ್ಯಾತ್ಸಂದ್ರದಿಂದ ವಾಪಸ್ ಬಂದವನು ನಾನು. ನಮ್ಮ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರ್ ಇದೆ. ಸೋಫಾಕ್ಕೂ ಇದೆ. ಆ ಕವರು ಹರಿಯದಿರಲಿ ಅಂತ ಅದರ ಮೇಲೊಂದು ಟವಲ್ ಇದೆ. ಸೋಫಾದ ನಿಜವಾದ ಬಣ್ಣ ಯಾವುದು ಅಂದರೆ ಸ್ವಲ್ಪ ಯೋಚಿಸಬೇಕು.

ಆದರೂ ಕೇಳುತ್ತೇನೆ, ನನ್ನದು ಪೂರ್ತಿ ತಪ್ಪೇ? ಮೊಬೈಲ್ ಬಾಕ್ಸಿನಿಂದ ಇಯರ್‌ಫೋನ್ ಹೋಯಿತು, ಚಾರ್ಜರ್ ಹೋಯಿತು, ಬಳಸುವುದು ಹೇಗೆ ಅಂತ ತಿಳಿಸುವ ಪುಸ್ತಕವೂ ಹೋಯಿತು. ಕೇಳಿದರೆ ಎಲ್ಲಾ ನೆಟ್‌ನಲ್ಲಿದೆ ಅನ್ನುತ್ತಾರೆ. ಲ್ಯಾಪ್‌ಟಾಪ್ ಕೆಟ್ಟು ಕೂತವನು ನೆಟ್ ನೋಡುವುದು ಯಾವುದರಲ್ಲಿ? ಶರ್ಟಿನವನು ಕೂಡ ಒಂದು ಗುಂಡಿ ಹೆಚ್ಚಿಗೆ ಕೊಡುತ್ತಾನೆ. ಲ್ಯಾಪ್‌ಟಾಪಿನವನಿಗೆ ಒಂದು ಡಿಸ್ಕ್ ಭಾರವೇ? (ಆ ಗುಂಡಿಯನ್ನೂ ಶರ್ಟಿನ ಒಳಗೇ ಹೊಲಿದಿರುತ್ತಾರೆ ಅಂತ ಗಿರಿಜಾ ತೋರಿಸಿದಳು. ಇರಲಿ.)

ಶುಕ್ರವಾರ, ಶನಿವಾರ ಗುಬ್ಬಿಯಲ್ಲಿ ನನ್ನ ಆಫೀಸು. ಎರಡೂ ದಿನ ಸಂಜೆ ಟ್ರೈನಿಳಿದು ಮನೆಗೆ ಬಂದವನೇ ಬೀರು ತೆಗೆದು ಬಾಕ್ಸನ್ನು ಎತ್ತಿ ನೋಡಿದೆ. ಭಾರ ಸರಿಯಾಗಿತ್ತು. ಗಿರಿಜಾ ಮತ್ತೆ ಆ ಸುದ್ದಿಯೇ ಎತ್ತಲಿಲ್ಲ. ನನ್ನ ವಾದ ಒಪ್ಪಿಕೊಂಡಳು ಅಂದುಕೊಂಡೆ. ಹೆಂಡತಿ ಸುಮ್ಮನಿದ್ದರೆ ಒಪ್ಪಿದಳು ಅಂದುಕೊಳ್ಳುವವನಿಗೆ ಏನನ್ನಬೇಕು?

ಭಾನುವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಟೆ. ಹತ್ತಕ್ಕೆಲ್ಲ ಬಂದುಬಿಡುತ್ತೇನೆ ಅಂದೆ. ನಾನಿಲ್ಲದಾಗ ಆತುರಪಟ್ಟು ಏನಾದರೂ ಒತ್ತಿಬಿಟ್ಟಾಳು ಅಂತ ಬೀರುವಿನ ಕೀಯನ್ನು ಜೇಬಿಗೆ ಹಾಕಿಕೊಂಡೆ.

ಪುಟ್ಟರಾಜು ಕಂಪ್ಯೂಟರ್ ಸೆಂಟರ್ ಮುಚ್ಚಿ ವರ್ಷಗಳಾಗಿವೆ. ಈಗ ಮನೆಯ ಹಿತ್ತಿಲಿನಲ್ಲಿ ದಾಳಿಂಬೆ ಬೆಳೆಸಿದ್ದಾನೆ. ಡಿಸ್ಕ್ ಬೇಕು ಅಂದೊಡನೆ ಹಿತ್ತಿಲಿಗೆ ಕರೆದುಕೊಂಡು ಹೋದ. ಗಿಡಗಿಡಕ್ಕೂ ದಾರ ಕಟ್ಟಿ ಡಿಸ್ಕುಗಳನ್ನು ನೇತುಹಾಕಿದ್ದ. ಗಿಳಿ ಬರದಿರಲಿ ಅಂತ. ಬಿಸಿಲಿಗೆ ಮಿರಮಿರ ಹೊಳೆಯುತ್ತ ತಿರುಗುತ್ತಿದ್ದವು.

“ಯಾವ್ದು ಬೇಕೋ ಕಿತ್ಕಳ್ಲಾ,” ಅಂದ.

(ಗಿಳಿಗಳು ಮೊದಲ ವಾರ ಹೆದರಿದವಂತೆ. ಈಗ ಅವುಗಳಲ್ಲೇ ಮುಖ ನೋಡಿಕೊಂಡು ಹಣ್ಣು ತಿನ್ನುತ್ತವಂತೆ.)

ನಾನು ನಿಜವಾಗಿಯೂ ಒಂದೊಂದನ್ನೇ ಹಿಡಿದು ಓದಿ ಆರಿಸತೊಡಗಿದೆ. ಅವನು ಹಿಂದಿನಿಂದ ಕೇಳಿದ: “ಅಲ್ಲಲಾ, ಅದ್ನ ತೂರ್ಸಕ್ಕೆ ನಿನ್ ಲ್ಯಾಪ್‌ಟಾಪಲ್ಲಿ ಜಾಗ ಎಲ್ಲೈತೆ? ನೋಡಿದ್ಯಾ?”

ನೋಡಿರಲಿಲ್ಲ. ಬಾಕ್ಸು ನೋಡಿದ್ದೆ, ಬಿಲ್ಲು ನೋಡಿದ್ದೆ, ವಾರಂಟಿ ಕಾರ್ಡಿನ ಹಿಂದಿನ ಇರುವೆಯಂಥ ಅಕ್ಷರ ಓದಿದ್ದೆ. ಲ್ಯಾಪ್‌ಟಾಪನ್ನು ಮಾತ್ರ ನೋಡಿರಲಿಲ್ಲ.

ಈಗಿನ ತೆಳ್ಳನೆಯವಕ್ಕೆ ಡಿಸ್ಕ್ ನುಂಗುವ ಬಾಯೇ ಇರಲ್ಲ, ಮತ್ತೆ ಕೊಟ್ಟು ಏನು ಪ್ರಯೋಜನ ಅಂತ ಅವನು ವಿವರಿಸುತ್ತ ಹೋದ. ನನ್ನ ಕಿವಿಗೆ ಏನೂ ಬೀಳಲಿಲ್ಲ. ಒಂಬತ್ತೂಕಾಲಾಗಿತ್ತು. ನೀನೇ ಆನ್ ಮಾಡ್ಕೊಂಡ್ಬಿಡು ಅಂತ ಗಿರಿಜಾಳಿಗೆ ಹೇಳೋಣ ಅಂತ ಜೇಬಿಗೆ ಕೈ ಹಾಕಿದೆ. ಫೋನಿನ ಜೊತೆ ಬೀರುವಿನ ಕೀ ಬಂತು.

ಇನ್ನೊಂದು ಕೀ ಇಲ್ಲವೇ? ಇದೆ. ಸ್ಪೇರ್ ಇಡದೆ ಬದುಕುವ ಮನುಷ್ಯನೇ ನಾನು? ಭದ್ರವಾಗಿ ಲಾಕರಿನಲ್ಲಿದೆ. ಲಾಕರ್ ಬೀರುವಿನ ಒಳಗಿದೆ.

ಫೋನ್ ಮಾಡಿ ತೊದಲಿದೆ. “ಹ್ಞೂಂ, ನಿಧಾನಕ್ಕೆ ಬನ್ನಿ,” ಅಂದು ಇಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ವಾಪಸ್ ಬರುವ ಬಸ್ಸು ಹೆಬ್ಬೂರಿನಲ್ಲಿ ನಿಂತಿತು. ಡ್ರೈವರು ಟೀ ಕುಡಿಯಲು ಇಳಿದರು. ಅವರು ಅಷ್ಟು ಆರಿಸಿಕೊಂಡು ಆರಿಸಿಕೊಂಡು ಕುಡಿದ ಟೀಯನ್ನು ನಾನು ಮರೆಯಲಾರೆ. ಹತ್ತೂವರೆಗೆ ತಲುಪಿದರೂ ಅಪ್‌ಡೇಟಿಗೆ ಒಂದು ಗಂಟೆ ಬೇಕು. ಒಂಬತ್ತು ಹೆಂಗಸರು ಫ್ರೇಮು ಕಟ್ಟಿಕೊಂಡು ಕಾಯುತ್ತಿರುತ್ತಾರೆ. ಗಿರಿಜಾ ಏನಂತ ಹೇಳುತ್ತಾಳೆ? ನಮ್ಮ ಯಜಮಾನರು ಡಿಸ್ಕ್ ತರಲು ಹೋಗಿದ್ದಾರೆ ಅಂತಲೇ?

ಮನೆ ಮುಟ್ಟಿದಾಗ ಹನ್ನೊಂದೂ ಹತ್ತು. ಬಾಗಿಲಲ್ಲೇ ಅವಳ ದನಿ ಕೇಳಿಸಿತು: “ಸೂಜೀನ ಅಷ್ಟು ಓರೆ ಹಿಡೀಬೇಡಿ. ನೆಟ್ಟಗೆ ಇಳಿಸಿ, ಆಮೇಲೆ ತಿರುಗಿಸಿ.”

ಟೇಬಲ್ಲಿನ ಮೇಲೆ ಲ್ಯಾಪ್‌ಟಾಪು. ಸ್ಕ್ರೀನಿನಲ್ಲಿ ಒಂಬತ್ತು ಚೌಕ, ಚೌಕಕ್ಕೆರಡು ಕೈ. ಗಿರಿಜಾ ಕಣ್ಣಲ್ಲೇ ಕೂರಲು ಹೇಳಿದಳು. ಕೂತೆ. ಸೋಫಾದ ಪ್ಲಾಸ್ಟಿಕ್ ಬರಬರ ಅಂದಿತು. ಒಂಬತ್ತೂ ಜನ ಕೆಲಸ ನಿಲ್ಲಿಸಿದರು.

ಅವಳು ಕಲಿಸುವುದನ್ನು ಒಂದು ಗಂಟೆ ಕೂತು ನೋಡಿದ್ದು ಅದೇ ಮೊದಲು. ಚೆನ್ನಾಗಿ ಕಲಿಸುತ್ತಾಳೆ. ಒಬ್ಬರ ದಾರ ಹರಿದು ಮಣಿಯೆಲ್ಲ ಉದುರಿದಾಗ, ಹೋಗಲಿ ಬಿಡಿ, ಮತ್ತೆ ಕೂರಿಸಿದ್ರಾಯ್ತು ಅಂದಳು. ನನಗೆ ಯಾಕೋ ಹಾಯ್ ಅನ್ನಿಸಿತು.

ಕ್ಲಾಸು ಮುಗಿದ ಮೇಲೆ ಕತೆ ಹೊರಬಿತ್ತು. ಶುಕ್ರವಾರ ನಾನು ಗುಬ್ಬಿಯ ಟ್ರೈನ್ ಹತ್ತುವ ಹೊತ್ತಿಗೇ ಅವಳು ಕ್ಯಾಲೆಂಡರಿನ ಮೊಳೆಯಿಂದ ಕೀ ತೆಗೆದಿದ್ದಳು. ಬಟವಾಡಿ ಅಂಗಡಿಯ ಆ ಹೆಣ್ಣುಮಗಳು ಫೋನಿನಲ್ಲೇ ಎಲ್ಲ ಹೇಳಿಕೊಟ್ಟಿದ್ದರು. ರಿಕವರಿ ಕಾಪಿ ಇರುವ ಪೆನ್‌ಡ್ರೈವ್ ಅವಳ ಮಣಿಡಬ್ಬಿಯಲ್ಲಿ ಭದ್ರವಾಗಿದೆಯಂತೆ. ಲ್ಯಾಪ್‌ಟಾಪು ಎರಡು ದಿನವೂ ಹೊಲಿಗೆ ಮಷಿನ್ನಿನ ಪಕ್ಕ ಬ್ಲೌಸ್ ಪೀಸುಗಳ ಕೆಳಗೆ ಇತ್ತಂತೆ. ಆ ಕಡೆ ನಾನು ಯಾವತ್ತು ತಲೆ ಹಾಕಿದ್ದೇನೆ?

ಹಾಗಾದರೆ ಎರಡು ಸಂಜೆ ನಾನು ಎತ್ತೆತ್ತಿ ನೋಡಿದ್ದೇನು?

ಬೀರು ತೆಗೆದೆ. ಬಾಕ್ಸಿನ ಮುಚ್ಚಳ ತೆಗೆದೆ. ಯಾವತ್ತಾದರೂ ಬೇಕಾದೀತು ಅಂತ ಅಟ್ಟದ ಮೇಲೆ ವರ್ಷಗಟ್ಟಲೆ ಕಾಪಾಡಿದ್ದ ನನ್ನ ಹಳೇ ಡಿಸ್ಕುಗಳು. ಪ್ರಿಂಟರಿನದು, ಮೋಡೆಮ್ಮಿನದು, ಸತ್ತುಹೋದ ಡೆಸ್ಕ್‌ಟಾಪಿನದು. ಧೂಳು ಒರೆಸಿ, ಜರಿದಾರದಲ್ಲಿ ನೀಟಾಗಿ ಕಟ್ಟಿ, ಭಾರ ನೋಡಿ ಜೋಡಿಸಿದ್ದಳು.

“ಬಾಕ್ಸಲ್ಲಿ ಡಿಸ್ಕ್ ಇಲ್ಲ, ಡಿಸ್ಕ್ ಇಲ್ಲ ಅಂತಿದ್ರಲ್ಲ,” ಅಂದಳು ಗಿರಿಜಾ, “ಈಗ ಸಮಾಧಾನ ಆಯ್ತಾ?”